77ರ ದಿನ ರಾಜೀನಾಮೆ ಬರೆಯಬೇಡಿ

ಭಾನುವಾರ ಬೆಳಗ್ಗೆ ನಮ್ಮ ಜಗಲಿಗೆ ಬರುವ ಎಲ್ಲರಿಗೂ,

ಲೈನಿನಲ್ಲಿ ಕೂತು ಹೊಲಿಯುವ ತಂಗಿಯರಿಗೆ, ಚೆಕಿಂಗ್ ಟೇಬಲ್ಲಿನ ಮುಂದೆ ನಿಂತೇ ದಿನ ಕಳೆಯುವ ಅಕ್ಕಂದಿರಿಗೆ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಪಿಜಿಯಿಂದ ಮೆಟ್ರೋ ಮೆಟ್ಟಿಲಿಗೆ ಓಡುವ ಹುಡುಗ ಹುಡುಗಿಯರಿಗೆ, ಬೇಗೂರು ರಸ್ತೆಯ ನಿಮ್ಮ ಪಿಎಫ್ ಆಂಟಿಯ ನಮಸ್ಕಾರ.

ನನ್ನ ಕಥೆ ನಿಮಗೆ ಅಷ್ಟಿಷ್ಟು ಗೊತ್ತು. ಹೊಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿದೆ. ಆಮೇಲೆ ಟೈಲರ್ ಆದೆ, ಟೈಮ್ ಆಫೀಸಿನಲ್ಲಿ ಗುಮಾಸ್ತೆಯಾದೆ. 2023ರಲ್ಲಿ 58 ತುಂಬಿ ಮನೆಗೆ ಬಂದೆ. ಅಂದಿನಿಂದ ಭಾನುವಾರ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂರುತ್ತೇನೆ. ಆಧಾರ್‌ನಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾಗಿ ನಿಂತುಹೋದ ಕ್ಲೇಮು ಸರಿ ಮಾಡಿಸುವುದು, ಹಳೆ ಫ್ಯಾಕ್ಟರಿಯ ಪಿಎಫ್ ಹೊಸದಕ್ಕೆ ಸೇರಿಸುವುದು, ಇಎಸ್‌ಐಗೆ ಮಗುವಿನ ಹೆಸರು ಹಾಕಿಸುವುದು, ಇಂಥ ಕೆಲಸ. ಇದಕ್ಕೆ ನಾನು ಕಾಸು ತೆಗೆದುಕೊಳ್ಳುವುದಿಲ್ಲ. ಮೂವತ್ತು ವರ್ಷ ಈ ರಸ್ತೆಯ ಅನ್ನ ತಿಂದಿದ್ದೇನೆ.

ಕಳೆದ ಭಾನುವಾರ ಒಬ್ಬ ಹುಡುಗಿ ಬಿಳಿ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದಳು. "ಆಂಟಿ, ರಾಜೀನಾಮೆ ಬರ್ಕೊಡಿ" ಎಂದಳು. ಯಾಕಮ್ಮ ಎಂದೆ. "ಮೂರು ತಿಂಗಳಿಂದ ಕೈ ಓಡ್ತಾನೇ ಇಲ್ಲ ಆಂಟಿ. ಕಾಲರ್ ಅಟ್ಯಾಚ್‌ನಲ್ಲಿ ಮೊದ್ಲು ನಾನೇ ಮುಂದೆ ಇದ್ದೆ. ಈಗ ನನ್ ಹತ್ರಾನೇ ಬಂಡಲ್ ನಿಂತ್ಕೊಳ್ಳುತ್ತೆ. ಎಲ್ಲರ ಮುಂದೆ ಬೈಸ್ಕೊಂಡು ಸಾಕಾಗಿದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ." ಅವಳ ಹಿಂದೆಯೇ ಕೂತಿದ್ದ ಸಾಫ್ಟ್‌ವೇರ್ ಹುಡುಗನದೂ ಅದೇ ರಾಗ. ಎರಡು ಸಲ ರೇಟಿಂಗ್ ಕೆಳಗೆ ಬಿದ್ದಿದೆಯಂತೆ, ಪಿಐಪಿ, ಅಂದರೆ ಇಷ್ಟು ದಿನದೊಳಗೆ ಸುಧಾರಿಸಿಕೋ ಎಂಬ ಎಚ್ಚರಿಕೆಯ ಕಾಗದ, ಹಾಕಿದ್ದಾರಂತೆ. "ಅವರು ತೆಗೆಯೋ ಮುಂಚೆ ನಾನೇ ಬಿಟ್ಬಿಡ್ತೀನಿ ಆಂಟಿ" ಎಂದ.

ಇಬ್ಬರಿಗೂ ಅಲ್ಲೇ ಉತ್ತರ ಕೊಡಲು ನನಗೆ ಆಗಲಿಲ್ಲ. "ಹಾಳೆ ನನ್ನ ಹತ್ರ ಇರಲಿ, ಮುಂದಿನ ವಾರ ಬಾ" ಎಂದು ಹುಡುಗಿಯನ್ನು ಕಳಿಸಿದೆ. ವಾರವೆಲ್ಲ ಅದನ್ನೇ ಯೋಚಿಸಿದೆ. ಇದೇ ಪ್ರಶ್ನೆ ಹೊತ್ತು ಬರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದದ ವಿಷಯ. ಟಿವಿಯಲ್ಲಿ ದೊಡ್ಡ ಆಟಗಾರರು ಸರಿಯಾಗಿ ಆಡದಿದ್ದಾಗ ಏನನ್ನುತ್ತಾರೆ? "ಫಾರ್ಮ್‌ನಲ್ಲಿಲ್ಲ" ಅನ್ನುತ್ತಾರೆ. ಆಟ ಬರುವುದಿಲ್ಲ ಅಂತ ಯಾರೂ ಹೇಳುವುದಿಲ್ಲ. ಕಲಿತ ವಿದ್ಯೆ ಒಳಗೇ ಇದೆ, ಸದ್ಯ ಕೈಗೆ ಬರುತ್ತಿಲ್ಲ, ಮತ್ತೆ ಬರಬಹುದು ಎಂಬುದು ಆ ಮಾತಿನ ಅರ್ಥ. ಆದರೆ ನಮ್ಮ ಲೈನಿನಲ್ಲಿ ಕೈ ನಿಧಾನವಾದರೆ "ಇವಳು ಕೆಲಸಕ್ಕೆ ಬರಲ್ಲ" ಎಂಬ ತೀರ್ಪು ಮಧ್ಯಾಹ್ನದ ಊಟದ ಹೊತ್ತಿಗೇ ಬಂದುಬಿಡುತ್ತದೆ. ಆಟಗಾರರಿಗೆ ಸಿಗುವ ಆ ಪದ ನಿಮಗೆ ಸಿಗುವುದಿಲ್ಲ. ಬೇರೆಯವರು ಕೊಡದಿದ್ದರೆ ಬೇಡ, ನಿಮಗೆ ನೀವು ಕೊಟ್ಟುಕೊಳ್ಳಿ. ಆ ಹುಡುಗಿ ಲಾಯಕ್ಕಿಲ್ಲ ಎಂದಾಗ ನನಗೆ ಹೊಟ್ಟೆ ಉರಿಯಿತು. ಮೂರು ತಿಂಗಳ ಹಿಂದೆ ಲೈನಿಗೇ ಮುಂದಿದ್ದ ಕೈ ಲಾಯಕ್ಕಿಲ್ಲದ್ದು ಹೇಗಾದೀತು?

ಫಾರ್ಮ್ ಹೋದರೂ ವಿದ್ಯೆ ಹೋಗುವುದಿಲ್ಲ ಎಂಬುದು ನನಗೆ ತಿಳಿದದ್ದು ಗಾಲ್ಫ್‌ನಿಂದ. ನಮ್ಮಂಥವರಿಗೆ ಗಾಲ್ಫ್ ಅಂದರೆ ಕಾಂಪೌಂಡಿನ ಆಚೆಯ ಹಸಿರು ಅಷ್ಟೇ. ನಮ್ಮ ಮನೆಗೆ ಮಾತ್ರ ಅದು ಅಣ್ಣನ ಸಂಬಳವಾಗಿತ್ತು. ಅವನು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದ. ಕುಳಿ ಇರುವ ಗ್ರೀನಿನ ಮೇಲೆ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಬೇಕು. ಬೆಳಕು ಹರಿಯುವ ಮುಂಚೆ ಹೋಗಿ ಅದನ್ನು ಮಾಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಆಟದ ಸಂಗತಿ ಹೇಳುತ್ತಿದ್ದ. 18 ಕುಳಿ, ಕಡಿಮೆ ಹೊಡೆತದಲ್ಲಿ ಮುಗಿಸಿದವರು ಮೇಲು. ಹೆಚ್ಚಿನ ದೊಡ್ಡ ಪಂದ್ಯಗಳು ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತವೆ. ಎರಡು ದಿನ ಆದ ಮೇಲೆ ಒಂದು ಗೆರೆ ಎಳೆಯುತ್ತಾರೆ, ಅದಕ್ಕೆ ಕಟ್ ಎಂದು ಹೆಸರು. ಗೆರೆಯ ಕೆಳಗೆ ಉಳಿದ ವೃತ್ತಿ ಆಟಗಾರರು ಬಹುಮಾನದ ಹಣದಲ್ಲಿ ಒಂದು ಪೈಸೆ ಇಲ್ಲದೆ ಊರಿಗೆ ಹೊರಡಬೇಕು. ವಿಮಾನದ ಖರ್ಚು, ಹೋಟೆಲ್ಲು, ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲ ಸ್ವಂತದ್ದು. ಪೀಸ್ ರೇಟಿಗೆ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಐದನೇ ವಯಸ್ಸಿಗೆ ಗಾಲ್ಫ್ ಕೋಲು ಹಿಡಿದ ಅದಿತಿ ಅಶೋಕ್ ಅವರನ್ನು ನಾನು ಮೊದಲು ನೋಡಿದ್ದು 2021ರ ಆಗಸ್ಟ್ 7ರ ಬೆಳಗ್ಗೆ, ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ. ಅಣ್ಣ ಫೋನ್ ಮಾಡಿ ಎಬ್ಬಿಸಿದ್ದ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ, ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದವರು ಹೆತ್ತ ತಾಯಿ. ನಾಲ್ಕು ದಿನದಲ್ಲಿ 67, 66, 68, 68. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಊರೆಲ್ಲ ಪಟಾಕಿ ಹೊಡೆಯಿತು. ನನ್ನ ಮನಸ್ಸು ಮಾತ್ರ ಆ ತಾಯಿ ಮಗಳ ಹಿಂದೆಯೇ ಹೋಗಿತ್ತು.

ಆದರೆ ನಿಮಗೆ ಹೇಳಬೇಕಾದದ್ದು ಅದರ ಮುಂದಿನ ಕಥೆ. 2023ರಲ್ಲಿ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಮೂರನೆಯ ದಿನ ಅದಿತಿ 61 ಹೊಡೆತಕ್ಕೆ ಮೈದಾನ ಮುಗಿಸಿದರು. 72 ಹೊಡೆತಕ್ಕೆ ಮುಗಿಸಿದರೆ ಸರಿ ಎನ್ನುವ ಮೈದಾನ ಅದು. ಎರಡನೆಯವರಿಗಿಂತ ಏಳು ಹೊಡೆತ ಮುಂದೆ ಇದ್ದರು. ಚಿನ್ನ ಕೊರಳಿಗೆ ಬಿದ್ದಂತೆಯೇ ಎಂದು ಎಲ್ಲರೂ ಅಂದುಕೊಂಡೆವು. ಮಾರನೆಯ ದಿನ, ಅಕ್ಟೋಬರ್ 1, ಅದೇ ಮೈದಾನದಲ್ಲಿ 77 ಹೊಡೆತ ಬೇಕಾಯಿತು. ಥಾಯ್ಲೆಂಡಿನ ಆಟಗಾರ್ತಿ ಮುಂದೆ ಹೋದರು, ಅದಿತಿಗೆ ಬೆಳ್ಳಿ ಬಂತು.

ಮೈದಾನ ಬದಲಾಗಿರಲಿಲ್ಲ, ಕೋಲು ಬದಲಾಗಿರಲಿಲ್ಲ, ಕೈಯೂ ಅದೇ ಕೈ. ನಡುವೆ ಇದ್ದದ್ದು ಒಂದು ರಾತ್ರಿ. ಅಷ್ಟರಲ್ಲಿ 16 ಹೊಡೆತಗಳ ಅಂತರ. ಮೂರನೆಯ ದಿನ ಇದ್ದ ವಿದ್ಯೆ ನಾಲ್ಕನೆಯ ದಿನ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ. 56 ದಿನ ಕಳೆದು, ನವೆಂಬರ್ 26ರಂದು, ಸ್ಪ್ಯಾನಿಷ್ ಓಪನ್ ಗೆದ್ದು ಟ್ರೋಫಿ ಎತ್ತಿದ್ದು ಅದೇ ಕೈ. ಅಕ್ಟೋಬರ್ 1ರ ಸಂಜೆ ಅದಿತಿಯೂ ಬಿಳಿ ಹಾಳೆ ತೆಗೆದುಕೊಂಡು ಕೂತಿದ್ದರೆ?

ಒಂದು ದಿನದ ಕಥೆಯಾಯಿತು, ವರ್ಷಗಟ್ಟಲೆ ಕೈ ಓಡದವರ ಪಾಡೇನು ಎಂದು ನೀವು ಕೇಳಬಹುದು. ಅದಕ್ಕೆ ಅನಿರ್ಬನ್ ಲಾಹಿರಿ ಅವರನ್ನು ನೋಡಿ. ಹುಟ್ಟಿದ್ದು ಪುಣೆಯಲ್ಲಿ, ಆಟ ಬಲಿತದ್ದು ಬೆಂಗಳೂರಿನಲ್ಲಿ, ವಿಜಯ್ ದಿವೇಚಾ ಎಂಬ ಗುರುವಿನ ಕೈಯಲ್ಲಿ. 2015ರ ಫೆಬ್ರುವರಿ ಒಂದೇ ತಿಂಗಳಲ್ಲಿ ಮಲೇಷ್ಯನ್ ಓಪನ್, ಇಂಡಿಯನ್ ಓಪನ್ ಎರಡನ್ನೂ ಗೆದ್ದರು. ಪ್ರಪಂಚದ ಮೊದಲ 40 ಜನರೊಳಗೆ ಬಂದರು. ಅಮೆರಿಕಕ್ಕೆ ಹೋದರು. ಆಮೇಲೆ ಇಳಿಜಾರು. ಗೆಲುವಿಲ್ಲ, ರ‍್ಯಾಂಕಿಂಗ್ ನೂರಾರು ಮೆಟ್ಟಿಲು ಕೆಳಗೆ ಹೋಯಿತು. ಕೋವಿಡ್ ಬಂದು ಆಟಗಳೆಲ್ಲ ನಿಂತಾಗ ಊರಿಗೆ ಮರಳಿದರು, ಹಳೆಯ ಗುರುವಿನ ಮುಂದೆ ನಿಂತು ಮತ್ತೆ ಬುಡದಿಂದ ಶುರು ಮಾಡಿದರು. 2022ರ ಮಾರ್ಚ್‌ನಲ್ಲಿ, 322ನೇ ರ‍್ಯಾಂಕಿನ ಮನುಷ್ಯ, ಪ್ಲೇಯರ್ಸ್ ಚಾಂಪಿಯನ್‌ಷಿಪ್ ಎಂಬ ಬಹುದೊಡ್ಡ ಪಂದ್ಯದಲ್ಲಿ ಒಂದೇ ಹೊಡೆತದಿಂದ ಎರಡನೆಯವರಾದರು. ಅಲ್ಲೂ ಗೆಲ್ಲಲಿಲ್ಲ. ಆದರೆ ಏಳು ವರ್ಷ ಗೆಲುವು ಕಾಣದ ಕೈ ಸತ್ತಿಲ್ಲ ಎಂಬುದು ಜಗತ್ತಿಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು.

ಅವರು ಇನ್ನೂ ಜೋರಾಗಿ ಬೀಸುತ್ತಾ ಕೂರಲಿಲ್ಲ, ಕಲಿಸಿದವರ ಹತ್ತಿರ ಹೋಗಿ "ಎಲ್ಲಿ ತಪ್ಪುತ್ತಿದೆ ನೋಡಿ" ಎಂದು ಕೇಳಿದರು. ನನಗೆ ಇಲ್ಲಿ ಮುಖ್ಯ ಕಂಡದ್ದು ಇದು.

ಅವರಿಗೆ ಗುರು ಇದ್ದಾರೆ, ದುಡ್ಡಿದೆ, ನಮಗೆ ಯಾರಿದ್ದಾರೆ ಎಂದು ನೀವು ಅಂದರೆ ನಾನು ಒಪ್ಪುತ್ತೇನೆ. ಒಂದು ತಿಂಗಳ ಬಾಡಿಗೆ ತಪ್ಪಿದರೆ ನಿಮ್ಮ ಮನೆ ಓನರ್ ಬಾಗಿಲಿಗೆ ಬರುತ್ತಾರೆ. ಆದರೂ ಎಲ್ಲಿ ತಪ್ಪುತ್ತಿದೆ ಎಂದು ಕೇಳಿಕೊಳ್ಳುವುದಕ್ಕೆ ಕಾಸು ಬೇಡ. ಟೈಮ್ ಆಫೀಸಿನಲ್ಲಿ ಕೂತು ಹಾಜರಿ, ಪ್ರೊಡಕ್ಷನ್ ಎರಡನ್ನೂ ಇಪ್ಪತ್ತು ವರ್ಷ ಬರೆದವಳು ನಾನು. ಒಳ್ಳೆ ಟೈಲರ್ ಒಬ್ಬಳ ಪೀಸ್ ಕಡಿಮೆಯಾಯಿತು ಅಂದರೆ ಹಿಂದೆ ಒಂದು ಕಾರಣ ಇದ್ದೇ ಇರುತ್ತಿತ್ತು. ಸ್ಟೈಲ್ ಬದಲಾಗಿ ಜಾರುವ ಬಟ್ಟೆ ಬಂದಿರುತ್ತಿತ್ತು. ಮೆಷಿನ್ನು ದಾರ ಕಡಿಯುತ್ತಿರುತ್ತಿತ್ತು, ಮೆಕ್ಯಾನಿಕ್ ಬಂದಿರುತ್ತಿರಲಿಲ್ಲ. ಮಗುವಿಗೆ ಜ್ವರ ಇರುತ್ತಿತ್ತು. ಮೈಯಲ್ಲಿ ರಕ್ತ ಕಡಿಮೆಯಾಗಿ ಮಧ್ಯಾಹ್ನ ಮೂರಕ್ಕೇ ಕಣ್ಣು ಮಂಜಾಗುತ್ತಿತ್ತು. ನಲವತ್ತು ದಾಟಿದ ಎಷ್ಟೋ ಅಕ್ಕಂದಿರಿಗೆ ಬೇಕಾಗಿದ್ದದ್ದು ಒಂದು ಕನ್ನಡಕ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಿಸದೆ ಅವರು ತಮ್ಮ ಕೈಯನ್ನು ಬೈದುಕೊಳ್ಳುತ್ತಿದ್ದರು.

ಹಾಳೆ ತಂದ ಆ ಹುಡುಗಿಯನ್ನೂ ಅವಳು ಹೊರಡುವ ಮುಂಚೆ ಕೇಳಿದೆ. "ಮೂರು ತಿಂಗಳ ಹಿಂದೆ ಏನಮ್ಮ ಬದಲಾಯ್ತು?" ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಮನೆ ಬದಲಾಯಿಸಿದ್ವಿ ಆಂಟಿ. ಅಲ್ಲಿ ನೀರು ಬಿಡೋದು ರಾತ್ರಿ ಎರಡು ಗಂಟೆಗೆ. ನಾನೇ ಎದ್ದು ಹಿಡೀಬೇಕು. ಆಮೇಲೆ ನಿದ್ದೆ ಹತ್ತಲ್ಲ."

ನೋಡಿ ತಂಗಿಯರೇ, ಕಾಲರ್ ಸೊಟ್ಟಗಾಗಿದ್ದು ರಾತ್ರಿ ಎರಡು ಗಂಟೆಯ ನೀರಿನಿಂದ. ರಾಜೀನಾಮೆ ಕೊಟ್ಟರೆ ನೀರು ಹಗಲಿಗೆ ಬರುತ್ತದೆಯೇ? ಬೇರೆ ಫ್ಯಾಕ್ಟರಿಗೆ ಸೇರಿದರೂ ಅದೇ ನಿದ್ದೆಗೆಟ್ಟ ಕೈ ತಾನೇ ಹೋಗುವುದು? ಅವಳು ಬಿಡಬೇಕಾದದ್ದು ಆ ಮನೆಯನ್ನು. ಅದಾಗದಿದ್ದರೆ ನೀರು ಹಿಡಿಯುವ ಪಾಳಿಯನ್ನಾದರೂ ಮನೆಯ ಗಂಡಸರು ಹಂಚಿಕೊಳ್ಳಬೇಕು.

ಇನ್ನು ಸಾಫ್ಟ್‌ವೇರ್ ಹುಡುಗನ ವಿಷಯ. ಅವನ ಲೆಕ್ಕ ಬೇರೆ. ಅವನಿಗೆ ಹೇಳುವ ಮುಂಚೆ ಇನ್ನೊಬ್ಬರ ಕಥೆ ಹೇಳಬೇಕು. ಆಸ್ಟ್ರೇಲಿಯಾದ ಇಯಾನ್ ಬೇಕರ್-ಫಿಂಚ್ 1991ರಲ್ಲಿ ಬ್ರಿಟಿಷ್ ಓಪನ್ ಗೆದ್ದವರು. ಕೆಲವೇ ವರ್ಷಗಳಲ್ಲಿ ಕೈ ಕೆಟ್ಟಿತು. ಅಭ್ಯಾಸದ ಜಾಗದಲ್ಲಿ ಚೆಂಡು ಹೇಳಿದಂತೆ ಕೇಳುತ್ತಿತ್ತು, ಪಂದ್ಯದ ಮೊದಲ ಹೊಡೆತಕ್ಕೆ ನಿಂತರೆ ಎಲ್ಲ ಮರೆತುಹೋಗುತ್ತಿತ್ತು. ಅವರು ಕೋಲು ಬದಲಾಯಿಸಿದರು, ಹೊಡೆಯುವ ರೀತಿ ಬದಲಾಯಿಸಿದರು, ಪಂದ್ಯದ ಮೇಲೆ ಪಂದ್ಯ ಕಟ್ ದಾಟಲಾಗದೆ ಮನೆಗೆ ಹೋದರು. 1997ರಲ್ಲಿ ತಾವು ಒಮ್ಮೆ ಗೆದ್ದ ಅದೇ ಓಪನ್‌ನ ಮೊದಲ ದಿನ 92 ಹೊಡೆತ ತೆಗೆದುಕೊಂಡು, ಒಳಗೆ ಹೋಗಿ ಅತ್ತು, ಪಂದ್ಯದಿಂದ ಹಿಂದೆ ಸರಿದರು. ಆಮೇಲೆ ಮೈಕ್ ಹಿಡಿದು ಟಿವಿಯಲ್ಲಿ ಆಟ ವಿವರಿಸತೊಡಗಿದರು. ಅಲ್ಲಿ ಅವರಿಗೆ ಒಳ್ಳೆಯ ಹೆಸರು ಬಂತು, ವರ್ಷಾನುಗಟ್ಟಲೆ ಆ ಕೆಲಸದಲ್ಲೇ ಇದ್ದರು. ಆಟದ ಬಗ್ಗೆ ಅವರಿಗಿದ್ದ ತಿಳಿವಳಿಕೆ ಒಂದು ಚೂರೂ ಹಾಳಾಗಲಿಲ್ಲ, ಕೂತ ಜಾಗ ಮಾತ್ರ ಬದಲಾಯಿತು.

ನಮ್ಮ ಹುಡುಗ ತನ್ನ ಸರದಿ ಬರುವವರೆಗೆ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಸುಮ್ಮನೆ ಕೂತಿರಲಿಲ್ಲ. ಪಕ್ಕದಲ್ಲಿದ್ದ ಒಡಿಶಾದ ಹುಡುಗಿಯ ಫೋನ್ ತೆಗೆದುಕೊಂಡು, ಅವಳ ಎರಡು ಪಿಎಫ್ ನಂಬರ್ ಇರುವುದನ್ನು ಪತ್ತೆ ಮಾಡಿ, ಅದನ್ನು ಹೇಗೆ ಒಂದು ಮಾಡಬೇಕೆಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿಕೊಟ್ಟ. ಇನ್ನೊಬ್ಬರ ಕ್ಲೇಮು ಯಾಕೆ ವಾಪಸ್ ಬಂತೆಂದು ಓದಿ ಹೇಳಿದ. ಒಂದು ಗಂಟೆಯಲ್ಲಿ ನಾಲ್ಕು ಜನರ ತಲೆನೋವು ಕಳೆದ. ಮುಖದಲ್ಲಿ ಆಯಾಸವೇ ಇರಲಿಲ್ಲ. ಕೋಡಿಂಗ್‌ನಲ್ಲಿ ರೇಟಿಂಗ್ ಬಿದ್ದ ಹುಡುಗನ ಕೈ, ಜನರ ನಡುವೆ ಕೂರಿಸಿದರೆ ಹೇಗೆ ಓಡುತ್ತದೆ ಎಂದು ನಾನು ಕಣ್ಣಾರೆ ನೋಡಿದೆ. ಮಗನೇ, ನಿನ್ನದು ಬರೀ ಫಾರ್ಮಿನ ತೊಂದರೆ ಅಂತ ನನಗನ್ನಿಸುವುದಿಲ್ಲ. ನೀನು ಜಾಗ ತಪ್ಪಿ ಕೂತಿದ್ದೀಯ. ನೀನು ಬಿಡು. ಆದರೆ ಪಿಐಪಿ ಕಾಗದಕ್ಕೆ ಹೆದರಿ ನಾಳೆ ಬೆಳಗ್ಗೆ ಬಿಡಬೇಡ. ಜನರ ಜೊತೆ ಮಾತಾಡಿ ಬಗೆಹರಿಸುವ ಕೆಲಸಗಳು ನಿಮ್ಮ ಲೋಕದಲ್ಲೂ ಇವೆ, ಅವನ್ನು ಹುಡುಕಿಕೊಂಡು, ನೋಟಿಸ್ ಪೀರಿಯಡ್ಡಿನ ಲೆಕ್ಕ ಹಾಕಿಕೊಂಡು ಬಿಡು.

ಹಾಗಾದರೆ ಯಾವುದು ಫಾರ್ಮಿನ ತೊಂದರೆ, ಯಾವುದು ಜಾಗದ ತೊಂದರೆ ಎಂದು ತಿಳಿಯುವುದು ಹೇಗೆ? ನನಗೆ ಹೊಳೆದದ್ದು ಇಷ್ಟು. ಕೈ ಚೆನ್ನಾಗಿ ಓಡಿದ ದಿನ ಮನೆಗೆ ಬರುತ್ತಾ ನಿಮ್ಮ ಮನಸ್ಸನ್ನು ಕೇಳಿಕೊಳ್ಳಿ. ಟಾರ್ಗೆಟ್ ಮುಟ್ಟಿದೆ, ಯಾರೂ ಬೈದಿಲ್ಲ, ಆಲ್ಟ್ರೇಷನ್ ಒಂದೂ ವಾಪಸ್ ಬಂದಿಲ್ಲ. ಅಂಥ ದಿನವೂ "ಈ ಕೆಲಸ ಬೇಡ" ಅನ್ನಿಸಿದರೆ ಅದು ನಿಜವಾದ ಮಾತು, ಅದನ್ನು ಕೇಳಿ. ಮೆಕ್ಸಿಕೋದ ಲೊರೆನಾ ಒಚೋವಾ 2010ರಲ್ಲಿ, 28ನೇ ವಯಸ್ಸಿನಲ್ಲಿ, ಪ್ರಪಂಚದ ಒಂದನೇ ನಂಬರ್ ಆಟಗಾರ್ತಿಯಾಗಿದ್ದಾಗಲೇ ಗಾಲ್ಫ್ ಬಿಟ್ಟು ಮನೆ, ಮಕ್ಕಳು ಎಂದು ಹೊರಟರು. ಯಾರೂ ಅವರನ್ನು ಸೋತು ಓಡಿದವರು ಅನ್ನಲಿಲ್ಲ. 61ರ ದಿನವೂ ಬಿಡಬೇಕು ಅನ್ನಿಸಿದರೆ ಬಿಡಿ. 77ರ ದಿನ ಮಾತ್ರ ಬಿಡಬೇಡಿ. ಆ ದಿನದ ತೀರ್ಮಾನ ನಿಮ್ಮದಲ್ಲ, ನಿಮ್ಮನ್ನು ಬೈದವರದು.

ಇದನ್ನು ಹೇಳುವ ಹಕ್ಕು ನನಗಿದೆ, ಯಾಕೆಂದರೆ 77ರ ದಿನ ಬಿಟ್ಟವಳು ನಾನು.

1997ರ ಏಪ್ರಿಲ್. ಆಗ ನಾನು ಟೈಲರ್. ಮಗನಿಗೆ ಜ್ವರ ಬಂದು ಮೂರು ರಾತ್ರಿ ನಿದ್ದೆ ಇರಲಿಲ್ಲ. ಮೂರು ದಿನ ಟಾರ್ಗೆಟ್ ತಪ್ಪಿತು. ಮೂರನೆಯ ದಿನ ಸಂಜೆ ಸೂಪರ್‌ವೈಸರ್ ಬಂಡಲ್ ತೆಗೆದು ನನ್ನ ಮುಖದ ಮೇಲೆ ಎಸೆದರು. ಲೈನೆಲ್ಲ ನೋಡುತ್ತಿತ್ತು. ನಾನು ಎದ್ದು, ಕತ್ತರಿ ಮೇಜಿನ ಮೇಲಿಟ್ಟು, ಗೇಟು ದಾಟಿ ಬಂದೆ. ಮತ್ತೆ ಹೋಗಲಿಲ್ಲ. ಫಾರಂ 19, ಫಾರಂ 10ಸಿ ಎರಡಕ್ಕೂ ಸಹಿ ಹಾಕಿ ಪಿಎಫ್, ಪಿಂಚಣಿಯ ಹಣ ಎಲ್ಲ ತೆಗೆಸಿದೆ. ಅದು ಎಂಟು ತಿಂಗಳ ಮನೆ ಖರ್ಚಿಗೆ ಕರಗಿತು. 1998ರ ಜನವರಿಯಲ್ಲಿ ಬೇರೆ ಕಡೆ ಮತ್ತೆ ಹೆಲ್ಪರ್ ಆಗಿ ಸೇರಬೇಕಾಯಿತು.

ಆಗ ನನಗೆ ಗೊತ್ತಿರಲಿಲ್ಲ, ಟೈಮ್ ಆಫೀಸಿಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ. ಆ ಗೇಟು ದಾಟಿದ ದಿನ ನನ್ನ ಸರ್ವೀಸ್ 4 ವರ್ಷ 7 ತಿಂಗಳು. ಇನ್ನು 5 ತಿಂಗಳು ಇದ್ದಿದ್ದರೆ 5 ವರ್ಷ ತುಂಬಿ ಗ್ರಾಚ್ಯುಟಿ ಬರುತ್ತಿತ್ತು, ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ. ಹಣ ತೆಗೆಸಿಬಿಟ್ಟಿದ್ದರಿಂದ ಆ ವರ್ಷಗಳು ನನ್ನ ಪಿಂಚಣಿಯ ಲೆಕ್ಕಕ್ಕೂ ಸೇರಲಿಲ್ಲ. ಬಂಡಲ್ ಎಸೆದವರಿಗೆ ಅದೊಂದು ಸಂಜೆಯ ಸಿಟ್ಟು. ನನಗೆ ಐದು ವರ್ಷದ ದುಡಿಮೆ ಹೋಯಿತು. ನನ್ನ ಮಾನಕ್ಕಾಗಿ ಎದ್ದು ಬಂದದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಎದ್ದು ಬಂದು, ಮಾರನೆಯ ದಿನ ದೂರು ಕೊಡಬಹುದಿತ್ತು. ಇನ್ನೊಂದು ಲೈನಿಗೆ ಹಾಕಿ ಎಂದು ಕೇಳಬಹುದಿತ್ತು. ಜ್ವರ ಇಳಿದ ಮೇಲೆ, ನಿದ್ದೆ ಮಾಡಿ ಎದ್ದ ಬೆಳಗ್ಗೆ, ನಾನೇ ಕೂತು ತೀರ್ಮಾನ ಮಾಡಬಹುದಿತ್ತು. ಆ ಬೆಳಗನ್ನು ನನಗೆ ನಾನೇ ಕೊಟ್ಟುಕೊಳ್ಳಲಿಲ್ಲ.

ನಮ್ಮ ಬೊಮ್ಮನಹಳ್ಳಿಯಲ್ಲಿ ಕೆಲಸ ಬಿಡುವುದಕ್ಕೂ ಪಿಎಫ್‌ಗೂ ಎಂಥ ನಂಟು ಎಂದು ದೇಶಕ್ಕೇ ಗೊತ್ತಾದದ್ದು 2016ರಲ್ಲಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18, ಸೋಮವಾರ, ಇಲ್ಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮೆಷಿನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಮುಂದೆ ನಿಂತು ನಡೆಸುವ ನಾಯಕರಿರಲಿಲ್ಲ, ಬ್ಯಾನರ್ ಇರಲಿಲ್ಲ. ಮಾರನೆಯ ದಿನ ಊರಿನ ಬೇರೆ ಕಡೆಗೂ ಹಬ್ಬಿತು, ಕಲ್ಲು, ಬೆಂಕಿ, ಲಾಠಿ ಎಲ್ಲ ಆಯಿತು. 19ರ ಸಂಜೆ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು.

ಹೊರಗಿನವರು ಆಗ ಕೇಳಿದರು, ಮುದಿವಯಸ್ಸಿಗೆ ಇಡುವ ಹಣವನ್ನು ಈಗಲೇ ಯಾಕೆ ಕೇಳುತ್ತೀರಿ ಎಂದು. ನಮಗೆ ಉತ್ತರ ಗೊತ್ತಿತ್ತು. ಮಗಳ ಮದುವೆ, ಅತ್ತೆಯ ಆಪರೇಷನ್, ಊರಿನ ಸಾಲ, ಯಾವುದು ಬಂದರೂ ನಮ್ಮ ಹೆಸರಿನಲ್ಲಿ ಇರುವ ಗಂಟು ಅದೊಂದೇ. ಅದನ್ನು ಪೂರ್ತಿ ಬಿಚ್ಚಬೇಕಾದರೆ ಕೆಲಸ ಬಿಡಬೇಕಿತ್ತು. ಎಷ್ಟೋ ಜನ ಕೆಲಸ ಬೇಡವಾಗಿ ಬಿಟ್ಟವರಲ್ಲ, ಹಣ ಬೇಕಾಗಿ ಬಿಟ್ಟವರು. ಆ ದಿನ ರಸ್ತೆಗೆ ಇಳಿದವರ ಮೇಲೆ ನನಗೆ ಅಪಾರ ಗೌರವ. ಅಷ್ಟು ಕಷ್ಟದಲ್ಲಿ ಉಳಿಸಿಕೊಂಡ ಗಂಟನ್ನು ಒಂದು ಕೆಟ್ಟ ವಾರದ ಕೋಪಕ್ಕೆ ಬಿಚ್ಚಬೇಡಿ ಎಂದು ಕೈಮುಗಿದು ಕೇಳುವುದೂ ಆ ಗೌರವದಿಂದಲೇ.

ಬಿಡುವುದೇ ಸರಿ ಎಂದು ತೀರ್ಮಾನಿಸಿದವರು ಮೊದಲು ಕೆಲವು ತಾರೀಖು ನೋಡಿಕೊಳ್ಳಿ. ಸೇರಿದ ತಾರೀಖು ಯಾವುದು, 5 ವರ್ಷಕ್ಕೆ ಎಷ್ಟು ತಿಂಗಳು ಉಳಿದಿದೆ? ಪಿಎಫ್‌ನ ಪಿಂಚಣಿಗೆ ಒಟ್ಟು 10 ವರ್ಷದ ಸರ್ವೀಸ್ ಬೇಕು. ಮಾಲೀಕರು ಕಟ್ಟುವ ನೂರಕ್ಕೆ 12ರಲ್ಲಿ 8.33 ಹೋಗುವುದು ಆ ಪಿಂಚಣಿಗೇ. ಆದ್ದರಿಂದ ಹೊಸ ಕೆಲಸ ಸಿಕ್ಕರೆ ಹಳೆಯದನ್ನು ವರ್ಗಾಯಿಸಿ, ತೆಗೆಸಬೇಡಿ. ಬಸುರಿಯಾಗಿದ್ದರೆ ಅಥವಾ ಆ ಯೋಚನೆ ಇದ್ದರೆ ಇಎಸ್‌ಐ ಲೆಕ್ಕ ಮೊದಲು ಕೇಳಿ. ಅದರಲ್ಲಿ 26 ವಾರದ ಹೆರಿಗೆ ರಜೆಯ ಸಂಬಳ ಇದೆ, ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಬೇಕು. ಬಿಟ್ಟ ಮೇಲೆ ನಿಮ್ಮ ಪಿಎಫ್ ಖಾತೆಯಲ್ಲಿ ಬಿಟ್ಟ ತಾರೀಖು ಹಾಕಿದ್ದಾರೆಯೇ ನೋಡಿ, ಅದಿಲ್ಲದೆ ಎಷ್ಟು ಜನ ನನ್ನ ಜಗಲಿಯಲ್ಲಿ ಕಣ್ಣೀರು ಹಾಕಿದ್ದಾರೆ. ಏನೂ ಬರೆಯದ ಕಾಗದಕ್ಕೆ ಯಾರೇ ಕೇಳಿದರೂ ಸಹಿ ಹಾಕಬೇಡಿ.

ತಕ್ಷಣ ಎದ್ದು ಬರಬೇಕಾದ ಸಂದರ್ಭವೂ ಇದೆ. ಯಾರಾದರೂ ಮೈ ಮುಟ್ಟಿದರೆ, ಕೆಟ್ಟ ಮಾತಾಡಿದರೆ, ಫಾರ್ಮ್, ಸರ್ವೀಸ್ ಎಂದು ಲೆಕ್ಕ ಹಾಕುತ್ತಾ ಸಹಿಸಿಕೊಂಡು ಕೂರಬೇಡಿ. 2013ರ ಕಾನೂನಿನ ಪ್ರಕಾರ 10 ಜನ ಅಥವಾ ಅದಕ್ಕಿಂತ ಹೆಚ್ಚು ದುಡಿಯುವ ಪ್ರತಿಯೊಂದು ಕಡೆ ದೂರು ಕೇಳುವ ಸಮಿತಿ ಇರಲೇಬೇಕು. ದೂರು ಬರೆಯಲು ಬಾರದಿದ್ದರೆ ಭಾನುವಾರಕ್ಕೆ ಕಾಯಬೇಡಿ, ಯಾವ ರಾತ್ರಿಯಾದರೂ ನನ್ನ ಬಾಗಿಲು ತಟ್ಟಿ. ಕೆಲಸದಿಂದ ಎದೆ ಹಿಡಿದುಕೊಳ್ಳುತ್ತಿದೆ, ಉಸಿರು ಕಟ್ಟುತ್ತಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೂ ಅಷ್ಟೇ. ಮೊದಲು ಜೀವ, ಗ್ರಾಚ್ಯುಟಿ ಆಮೇಲೆ.

ಉಳಿದವರಿಗೆಲ್ಲ ನನ್ನ ಮಾತು ಇಷ್ಟೇ. ಇದ್ದುಬಿಡಿ ಎಂದೂ ನಾನು ಹೇಳುವುದಿಲ್ಲ, ಬಿಟ್ಟುಬಿಡಿ ಎಂದೂ ಹೇಳುವುದಿಲ್ಲ. ಸಂಜೆ ಏಳು ಗಂಟೆಗೆ, ಫ್ಲೈಓವರ್ ಕೆಳಗೆ ಧೂಳಿನಲ್ಲಿ ಆಟೋಗೆ ಕಾಯುತ್ತಾ, ಬೈಗುಳ ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿರುವಾಗ ತೀರ್ಮಾನ ಮಾಡಬೇಡಿ ಎಂದಷ್ಟೇ ಹೇಳುತ್ತೇನೆ.

ಕಾಲರ್ ಅಟ್ಯಾಚ್ ಹುಡುಗಿಗೆ ಒಂದು ಮಾತು. ನಿನ್ನ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿದೆ, ನಾಲ್ಕು ಮಡಿಕೆ ಹಾಗೇ ಇದೆ. ನೀರು ಹಿಡಿಯುವ ಪಾಳಿಯ ವಿಷಯ ಮನೆಯಲ್ಲಿ ಮಾತಾಡು. ಒಂದು ವಾರ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಮಾಡು. ಆಮೇಲೆ ಕೈ ಹೇಗೆ ಓಡುತ್ತದೆ ನೋಡು. ಚೆನ್ನಾಗಿ ಓಡಿದ ದಿನ ಸಂಜೆ ಬಾ, ಕಾಫಿ ಮಾಡಿರುತ್ತೇನೆ. ಆಗಲೂ ಬಿಡಬೇಕು ಅನ್ನಿಸಿದರೆ ಹಾಳೆ ತೆಗೆದು ಕೊಡುತ್ತೇನೆ. ಬರೆಯುವುದು ನಾನಲ್ಲ, ನೀನೇ ನಿನ್ನ ಕೈಯಾರೆ ಬರೆಯಬೇಕು.

ನಿಮ್ಮೆಲ್ಲರ ಒಳ್ಳೆಯದನ್ನು ಬಯಸುವ,
ಬೇಗೂರು ರಸ್ತೆಯ ಪಿಎಫ್ ಆಂಟಿ
ಬೊಮ್ಮನಹಳ್ಳಿ